ಚಿಕ್ಕಮ್ಮನ ಗಾಡಿಗೆ ಹಾಕಿದ ಬಲ್ಬು

ಡಬ್ಬಿಯ ಮೇಲೆ ಬರೆದದ್ದನ್ನು ನಂಬುವುದಾದರೆ ನನ್ನ ಅಂಗಡಿಯ ಮೂರನೆಯ ಕಪಾಟಿನಲ್ಲಿ ಹನ್ನೆರಡು ಜೊತೆ ಸೂರ್ಯರಿದ್ದಾರೆ. ಒಂದೊಂದು ಡಬ್ಬಿಯ ಮೇಲೂ ಒಂದು ಕಾರಿನ ಚಿತ್ರ, ಅದರ ಮುಂದೆ ಹಾಲು ಚೆಲ್ಲಿದಂತೆ ಬೆಳಕು, ಪಕ್ಕದಲ್ಲಿ ‘ಮುನ್ನೂರು ಪಟ್ಟು ಹೆಚ್ಚು’ ಎಂಬ ಬರಹ. ಯಾವುದಕ್ಕಿಂತ ಮುನ್ನೂರು ಪಟ್ಟು ಎಂದು ಕೇಳಬೇಡಿ. ಬರೆದವನಿಗೂ ಗೊತ್ತಿಲ್ಲ, ಮಾರುವ ನನಗೂ ಗೊತ್ತಿಲ್ಲ, ಕೊಳ್ಳುವವನಿಗಂತೂ ಅದು ಬೇಕಾಗಿಯೇ ಇಲ್ಲ. ಗಾಡಿಗಳಿಗೆ ಬೇಕಾದ, ಬೇಡದ ಸಾಮಾನು ಮಾರುವುದು ನನ್ನ ಕಸುಬು. ಸೀಟಿನ ಹೊದಿಕೆ, ಸ್ಟಿಯರಿಂಗಿನ ಕವರು, ಸತ್ತ ಇಲಿಯ ನಾತವನ್ನೂ ಮುಚ್ಚುವ ಸೆಂಟು, ಮಗು ಅತ್ತಂತೆ ಕೂಗುವ ಹಾರ್ನು. ಹದಿನೆಂಟು ವರ್ಷದಿಂದ ಇದನ್ನೇ ಮಾರುತ್ತಿದ್ದೇನೆ, ಬೇಡದ್ದೇ ಹೆಚ್ಚು ಖರ್ಚಾಗುತ್ತದೆ. ಆದರೆ ಆ ಮೂರನೆಯ ಕಪಾಟನ್ನು ಕಂಡರೆ ಮಾತ್ರ ನನಗೀಗ ಹೇಸಿಗೆ.

ನಾನು ಹೇಳಹೊರಟಿದ್ದು ಅಂಗಡಿಯ ಕಥೆಯಲ್ಲ, ನನ್ನ ಚಿಕ್ಕಮ್ಮನದು. ಅವಳ ಬದುಕಿನೊಳಗೆ ನನ್ನ ಕಪಾಟು ಕಾಲಿಟ್ಟು ಹೊಲಸು ಮಾಡಿತು. ಅದಕ್ಕೇ ಅಲ್ಲಿಂದ ಶುರುಮಾಡಿದೆ.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ವಯಸ್ಸು ಅರವತ್ತೊಂದು, ಎತ್ತರ ಐದಡಿಗೆ ಎರಡಂಗುಲ ಕಡಿಮೆ. ಸ್ಟಿಯರಿಂಗಿನ ಮೇಲಿಂದ ರಸ್ತೆ ಕಾಣಲಿ ಎಂದು ಹಳೆಯ ಕಂಬಳಿಯೊಂದನ್ನು ನಾಲ್ಕು ಮಡಿಕೆ ಮಾಡಿ ಸೀಟಿಗೆ ಹಾಕಿಕೊಂಡು ಕೂರುತ್ತಾಳೆ. ಅವಳು ಗಾಡಿ ಕಲಿಯುವುದಕ್ಕೆ ಚಿಕ್ಕಪ್ಪನ ಪುಕ್ಕಲುತನವೇ ಕಾರಣ. ಚಿಕ್ಕಪ್ಪ ಯಾರದೋ ಮಾತು ಕೇಳಿ ಒಂದು ಹಳೆಯ ಕಾರು ಕೊಂಡರು, ಮೂರು ದಿನ ಓಡಿಸಿದರು, ಎರಡು ಸಲ ಗೇಟಿನ ಕಂಬಕ್ಕೆ ಗುದ್ದಿದರು, ನಾಲ್ಕನೆಯ ದಿನ ‘ಈ ಗಾಡಿಯ ಲಕ್ಷಣವೇ ಸರಿಯಿಲ್ಲ’ ಎಂದು ಟಾರ್ಪಾಲು ಹೊದಿಸಿಬಿಟ್ಟರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆ ಕಟ್ಟಿದವರು ಹೆಂಗಸಿನ ಮೇಲೆ ಕಟ್ಟಿದರು. ಅವರು ನಮ್ಮ ಚಿಕ್ಕಪ್ಪನನ್ನು ನೋಡಿರಲಿಲ್ಲ.

ಎಂಟು ತಿಂಗಳು ಕಾದು ಚಿಕ್ಕಮ್ಮ ಆ ಟಾರ್ಪಾಲು ತೆಗೆದಳು. ಒಳಗೆ ಮರಿ ಹಾಕಿದ್ದ ಬೆಕ್ಕನ್ನು ಅಡುಗೆಮನೆಯ ಮೂಲೆಗೆ ಸಾಗಿಸಿ, ಡ್ರೈವಿಂಗ್ ಶಾಲೆಗೆ ಹೋಗಿ ಹೆಸರು ಬರೆಸಿದಳು. ಆಗ ಅವಳಿಗೆ ಮೂವತ್ತನಾಲ್ಕು. ಕಲಿಸುವವನು ಪಕ್ಕದ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದನಂತೆ. “ಅದೇ ಒಳ್ಳೇದಾಯ್ತು. ತಪ್ಪು ಮಾಡಿದ್ರೂ ಬೈಯೋರು ಇರಲಿಲ್ಲ” ಅನ್ನುತ್ತಾಳೆ. ಮೊದಲು ಹದಿನಾರು ವರ್ಷ ಶಾಲೆಯ ಮಕ್ಕಳನ್ನು ಕರೆದೊಯ್ದಳು. ಐವತ್ತರ ನಂತರ ಮಕ್ಕಳ ಗಲಾಟೆ ಸಾಕೆನಿಸಿ, ಡಯಾಲಿಸಿಸ್ಸಿಗೆ ಹೋಗುವವರನ್ನು ಕರೆದೊಯ್ಯತೊಡಗಿದಳು. ಮೂತ್ರಪಿಂಡ ಕೈಕೊಟ್ಟವರು ವಾರಕ್ಕೆ ಮೂರು ದಿನ ನಾಲ್ಕು ನಾಲ್ಕು ತಾಸು ಯಂತ್ರದ ಪಕ್ಕ ಮಲಗಬೇಕಲ್ಲ, ಅವರು. ಮೊದಲ ಪಾಳಿ ಬೆಳಗಿನ ಐದೂವರೆಗೆ. ಆ ಹೊತ್ತಿಗೆ ಬಸ್ಸು ಹೊರಟಿರುವುದಿಲ್ಲ. ಬಾಡಿಗೆ ಗಾಡಿಯವರು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ವಾಪಸು ಬರುವಾಗ ಯಾರಾದರೂ ವಾಂತಿ ಮಾಡಿಕೊಂಡರೆ ಮುಖ ಸಿಂಡರಿಸಿ ಸೀಟು ತೊಳೆಸಿಕೊಳ್ಳುತ್ತಾರೆ.

ಹನ್ನೊಂದು ವರ್ಷದಲ್ಲಿ ಚಿಕ್ಕಮ್ಮನ ಗಾಡಿಯಲ್ಲಿ ಎಷ್ಟೋ ಜನ ಹೋಗಿಬಂದರು. ಕಡೆಗೆ ಉಳಿದವರು ಇಬ್ಬರು. ಒಬ್ಬರು ಗಣಿತ ಹೇಳಿಕೊಡುತ್ತಿದ್ದ ನಿವೃತ್ತ ಮೇಷ್ಟ್ರು, ಇನ್ನೊಬ್ಬರು ರವಿಕೆ ಹೊಲಿಯುವ ಹೊಲಿಗೆಯಮ್ಮ. ಅವರಿಬ್ಬರ ನಡುವಿನ ಸೀಟಿನಲ್ಲಿ ಒಂದು ಟವೆಲು, ಪ್ಲಾಸ್ಟಿಕ್ ಚೀಲ, ನೀರಿನ ಬಾಟಲಿ, ಪೆಪ್ಪರ್‌ಮಿಂಟಿನ ಡಬ್ಬಿ ಸದಾ ಇರುತ್ತಿದ್ದವು. ನಾಲ್ಕು ತಾಸು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಸ್ವೆಟರು ಹೆಣೆದು, ಕಾಲು ತಡವರಿಸುವ ಇಬ್ಬರನ್ನೂ ಕೈಹಿಡಿದು ಕೂರಿಸಿಕೊಂಡು ಬರುತ್ತಿದ್ದಳು. ಇದು ಅವಳ ಹೊಟ್ಟೆಪಾಡು ಎಂದು ಚಿಕ್ಕಪ್ಪ ತಿಳಿದಿದ್ದರು. ಅದು ಅವಳ ಜೀವ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಮಾಡಿದೆ.

ರಸ್ತೆಯಲ್ಲಿ ಅವಳಿಗೆ ಒಂದೇ ನಿಯಮ. ಎದುರಿಗೆ ಯಾರು ಬಂದರೂ ಲೈಟು ಇಳಿಸಬೇಕು, ದೂರದ ಬೆಳಕು ತೆಗೆದು ಹತ್ತಿರದ್ದಕ್ಕೆ ತರಬೇಕು. ಲಾರಿ ಬಂದರೆ ಎಲ್ಲರೂ ಇಳಿಸುತ್ತಾರೆ, ಹೆದರಿಕೆಗೆ. ಚಿಕ್ಕಮ್ಮ ಸೈಕಲ್ಲಿಗೂ ಇಳಿಸುತ್ತಾಳೆ, ನಡೆದು ಬರುವವರಿಗೂ ಇಳಿಸುತ್ತಾಳೆ, ಒಮ್ಮೆ ದನಕ್ಕೆ ಇಳಿಸಿದ್ದನ್ನೂ ನಾನು ಕಂಡಿದ್ದೇನೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನನಗೆ ಗಾಡಿ ಕಲಿಸಿದವಳು ಅವಳೇ. ನಾನು ಮರೆತರೆ ಮೊಣಕೈಗೆ ತಿವಿಯುತ್ತಿದ್ದಳು. “ಎದುರಿಗೆ ಬರೋನ ಕಣ್ಣು ಈಗ ನಿನ್ನ ಕೈಯಲ್ಲಿದೆ ಪುಟ್ಟ. ಇಳಿಸು.” ನನಗೀಗ ನಲವತ್ತೊಂದು, ತಲೆ ಅರ್ಧ ಬೋಳಾಗಿದೆ, ಆದರೂ ಅವಳಿಗೆ ನಾನು ಪುಟ್ಟನೇ.

ಇನ್ನೊಂದು ನಿಯಮವಿತ್ತು, ಅದು ನಮ್ಮಜ್ಜಿ ಕಲಿಸಿದ್ದು. ಕೊಟ್ಟದ್ದಕ್ಕೆ ಹೆಸರಿಡಬಾರದು. ಯಾರಾದರೂ ಪ್ರೀತಿಯಿಂದ ಏನಾದರೂ ಕೊಟ್ಟರೆ ಅದು ಸೊಟ್ಟಗಿರಲಿ, ಹರಿದಿರಲಿ, ಚೆನ್ನಾಗಿದೆ ಅನ್ನಬೇಕು. ನಮ್ಮಮ್ಮ ಈ ನಿಯಮವನ್ನು ಎಂದೋ ಗಾಳಿಗೆ ತೂರಿದ್ದಳು. ಚಿಕ್ಕಮ್ಮ ಮಾತ್ರ ಗಂಟುಹಾಕಿಕೊಂಡಳು. ಅಮ್ಮ ತಂದುಕೊಟ್ಟ ಬಿಗಿಯಾದ ಚಪ್ಪಲಿಯನ್ನು ಎರಡು ವರ್ಷ ಮೆಟ್ಟಿ ಹೆಬ್ಬೆರಳಿನ ಉಗುರು ಕಳೆದುಕೊಂಡಳು. ನಾನು ಹತ್ತು ವರ್ಷದವನಿದ್ದಾಗ ಮೊದಲ ಸಲ ಚಹಾ ಮಾಡಿ, ಸಕ್ಕರೆಯೆಂದು ಉಪ್ಪು ಹಾಕಿ ಅವಳಿಗೆ ಕೊಟ್ಟಿದ್ದೆ. ಪೂರ್ತಿ ಕುಡಿದು, ಲೋಟ ತೊಳೆದಿಟ್ಟು, “ಚೆನ್ನಾಗಿತ್ತು ಕಣೋ” ಅಂದಳು. ನನ್ನ ಲೋಟ ಬಾಯಿಗಿಟ್ಟಾಗಲೇ ನನಗೆ ಗೊತ್ತಾದದ್ದು. ಈ ಗುಣವನ್ನು ಮನೆಯಲ್ಲಿ ಎಲ್ಲರೂ ಹೊಗಳುತ್ತಾರೆ, ನಾನೂ ಹೊಗಳುತ್ತಿದ್ದೆ. ಈಗ ನೆನೆದರೆ ಮೈಯುರಿಯುತ್ತದೆ.

ಒಂದು ದಿನ ಬೆಳಗ್ಗೆ ಹನ್ನೊಂದರ ಸುಮಾರಿಗೆ ಚಿಕ್ಕಮ್ಮ ತನ್ನ ಕೆಂಪು ಗಾಡಿಯನ್ನು ಅಂಗಡಿಯ ಮುಂದೆ ನಿಲ್ಲಿಸಿದಳು.

“ಪುಟ್ಟ, ಲೈಟು ಸ್ವಲ್ಪ ಮಂಕಾಗಿದೆ ಕಣೋ. ಬೆಳಗಿನ ಜಾವ ಗುಂಡಿಗಳು ಹತ್ತಿರ ಬಂದ ಮೇಲೇ ಕಾಣ್ತವೆ. ಈಗಿರೋ ಥರದ್ದೇ ಹೊಸದು ಹಾಕ್ಕೊಡು.”

‘ಈಗಿರೋ ಥರದ್ದೇ’ ಎಂದು ಸ್ಪಷ್ಟವಾಗಿ ಹೇಳಿದಳು. ಗಾಡಿಗೆ ಹನ್ನೊಂದು ವರ್ಷವಾಗಿತ್ತು. ಹೆಡ್‌ಲೈಟಿನ ಇಡೀ ಬಟ್ಟಲಿಗೆ ನಾವು ಡೂಮ್ ಅನ್ನುತ್ತೇವೆ. ಅದರ ಮುಂದಿನ ಗಾಜು ಗಾಜಲ್ಲ, ಪ್ಲಾಸ್ಟಿಕ್ಕು. ಬಿಸಿಲಿಗೆ ಅದು ಹಳದಿಗಟ್ಟಿ, ಸಾವಿರ ಗೀರು ಬಿದ್ದು, ಮುದಿ ನಾಯಿಯ ಕಣ್ಣಿನಂತಾಗಿತ್ತು. ಮಾಡಬೇಕಾದ ಕೆಲಸ ಏನೆಂದು ನೋಡಿದ ತಕ್ಷಣ ನನಗೆ ಗೊತ್ತಾಯಿತು. ಎರಡೂ ಡೂಮ್ ಬದಲಾಯಿಸಿ, ಮೊದಲಿನಂಥದೇ ಒಂದು ಜೊತೆ ಬಲ್ಬು ಹಾಕಬೇಕು. ಆದರೆ ಅದಕ್ಕೆ ಮುಂದಿನ ಬಂಪರು ಬಿಚ್ಚಬೇಕು. ಅರ್ಧ ದಿನದ ಕೆಲಸ. ನಾನು ಮಾಡಲಿಲ್ಲ, ಅದಕ್ಕೆ ಸೋಮಾರಿತನವಲ್ಲದೆ ಬೇರೆ ಹೆಸರಿಲ್ಲ. ಅದಕ್ಕಿಂತ ಹೊಲಸಾದದ್ದು ಇನ್ನೊಂದಿತ್ತು. ಚಿಕ್ಕಮ್ಮನ ಮುಂದೆ ದೊಡ್ಡವನಾಗುವ ಆಸೆ.

ಗಲ್ಲೆಯ ಮುಂದೆ ನಾಲ್ಕು ಡಬ್ಬಿ ಹರಡಿದೆ. ಮೊದಲನೆಯದು ಈಗಿರುವಂಥದೇ. ಗಾಜಿನ ಬುರುಡೆ, ಒಳಗೆ ಹತ್ತಿರದ ಬೆಳಕಿಗೊಂದು ತಂತಿ, ದೂರದ ಬೆಳಕಿಗೊಂದು ತಂತಿ. ಹತ್ತಿರದ ತಂತಿಯ ಕೆಳಗೆ ಉಗುರಿನಷ್ಟು ತಗಡಿನ ಬೋಗುಣಿಯಿರುತ್ತದೆ. ಬೆಳಕು ಎದುರಿನವನ ಕಣ್ಣಿಗೆ ಹೋಗದಂತೆ ತಡೆಯುವುದು ಆ ತಗಡು. ಎರಡನೆಯದು ಅದೇ ಆಕಾರದ್ದು, ಕರೆಂಟು ಮಾತ್ರ ಹೆಚ್ಚು ತಿನ್ನುವಂಥದು. ಆರು ತಿಂಗಳಲ್ಲಿ ಹೋಲ್ಡರು ಕರಗಿ ವೈರು ಸುಡುತ್ತದೆ. ಮೂರನೆಯದು ಮೊದಲನೆಯದಕ್ಕೇ ನೀಲಿ ಬಳಿದದ್ದು, ಮೋಸಕ್ಕೆ ಹುಟ್ಟಿದ ಮೋಸ. ನಾಲ್ಕನೆಯದು ಎಲ್‌ಇಡಿ. ಹಿಂದೆ ಪುಟ್ಟ ಫ್ಯಾನು, ಮೈಯೆಲ್ಲ ಲೋಹ, ಹಾಕಿದರೆ ಹಿಮದಂಥ ಬಿಳಿ ಬೆಳಕು.

“ಇದು ಈಗಿನ ಕಾಲದ್ದು ಚಿಕ್ಕಮ್ಮ. ಹಾಕಿದ್ರೆ ಹಗಲೇ ಅನ್ಕೋಬೇಕು ನೀನು” ಅಂದೆ.

ಎದುರು ಸಾಲಿನಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಮೇಸ್ತ್ರಿ ಆಗ ಫ್ಯೂಜು ಕೇಳಿಕೊಂಡು ಅಂಗಡಿಗೆ ಬಂದಿದ್ದರು. ಗಾಡಿಗಳ ವೈರಿಂಗ್ ಕೆಲಸದವರು. ಲೈಟಿನ ಕೆಲಸಕ್ಕೆ ಬಂದ ಯಾವ ಗಾಡಿಯನ್ನೂ ತಮ್ಮ ಗ್ಯಾರೇಜಿನ ಗೋಡೆಗೆ ಬೆಳಕು ಹಾಯಿಸಿ ಅಳೆಯದೆ ಹೊರಗೆ ಬಿಡುವುದಿಲ್ಲ. ಅದಕ್ಕೇ ನಾವೆಲ್ಲ ಅವರನ್ನು ಗೋಡೆ ಮೇಸ್ತ್ರಿ ಎಂದು ಆಡಿಕೊಳ್ಳುತ್ತಿದ್ದೆವು. ಅವರು ಡಬ್ಬಿಯನ್ನು ಒಮ್ಮೆ, ಗಾಡಿಯನ್ನು ಒಮ್ಮೆ ನೋಡಿದರು.

“ಆ ಡೂಮ್‌ಗೆ ಅದು ಹೊಂದಲ್ಲಪ್ಪ. ಬೆಳಕು ಚೆಲ್ಲಾಪಿಲ್ಲಿ ಆಗುತ್ತೆ.”

“ನಿಮ್ಮ ಕಾಲ ಆಯ್ತು ಮೇಸ್ತ್ರಿಗಳೇ” ಎಂದು ನಾನು ನಕ್ಕೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅವರು ಫ್ಯೂಜು ತೆಗೆದುಕೊಂಡು ಹೋದರು.

ಹಾಕುವಾಗಲೇ ಅದು ಒಲ್ಲೆ ಎಂದಿತು. ಹಿಂದಿನ ಫ್ಯಾನು ದಪ್ಪವಾಗಿ, ಧೂಳು ನೀರು ಹೋಗದಂತೆ ಮುಚ್ಚುವ ರಬ್ಬರು ಟೊಪ್ಪಿಗೆ ಕೂರಲಿಲ್ಲ. ಬ್ಲೇಡು ತೆಗೆದುಕೊಂಡು ರಬ್ಬರನ್ನು ಕೊಯ್ದೆ. ಹಳದಿಗಟ್ಟಿದ ಪ್ಲಾಸ್ಟಿಕ್ಕಿಗೆ ಹಲ್ಲುಜ್ಜುವ ಪೇಸ್ಟು ಬಳಿದು ಬಟ್ಟೆಯಲ್ಲಿ ತಿಕ್ಕಿದೆ. ನಾಲ್ಕು ದಿನ ಹೊಳೆಯಲು ಅಷ್ಟು ಸಾಕು. ನಮ್ಮ ಅಂಗಡಿಯಲ್ಲಿ ಬೆಳಕು ಅಳೆಯುವ ಗೋಡೆಯಿಲ್ಲ, ಮುಂದೆ ರಸ್ತೆ ಮಾತ್ರ. ಮಟಮಟ ಮಧ್ಯಾಹ್ನ ಲೈಟು ಹಾಕಿ, ಎದುರಿನ ಷಟರಿನ ಮೇಲೆ ಬಿಳಿ ಮಚ್ಚೆ ಬಿದ್ದದ್ದು ನೋಡಿ, ‘ಆಯ್ತು’ ಅಂದುಕೊಂಡೆ. ಚಿಕ್ಕಮ್ಮ ಪರ್ಸಿಗೆ ಕೈಹಾಕಿದಾಗ ಕೈ ಹಿಡಿದೆ. “ನನ್ನ ಉಡುಗೊರೆ, ಇಟ್ಕೋ.” ಅವಳ ಕಣ್ಣು ಒದ್ದೆಯಾಯಿತು. “ಚೆನ್ನಾಗಿದೆ ಕಣೋ” ಅಂದಳು. ಆ ಮಾತು ಕೇಳಿದಾಗಲೇ ನನಗೆ ಉಪ್ಪಿನ ಚಹಾ ನೆನಪಾಗಬೇಕಿತ್ತು.

ಒಂದು ವಾರ ಕಳೆದ ಮೇಲೆ ಅವಳು ಮತ್ತೆ ಅಂಗಡಿಗೆ ಬಂದಳು. ಆ ಹೊತ್ತಿನಲ್ಲಿ ಔಷಧಿ ಅಂಗಡಿಯವರು ತಮ್ಮ ಬಿಳಿ ಕಾರಿಗೆ ಬಲ್ಬು ನೋಡುತ್ತ ಅನುಮಾನಿಸುತ್ತಿದ್ದರು. ನನಗೆ ಒಳ್ಳೆಯ ಸಾಕ್ಷಿಯೇ ಸಿಕ್ಕಿತು. “ನೋಡಿ ಸಾರ್, ಆ ಕೆಂಪು ಗಾಡಿ ನಮ್ಮ ಚಿಕ್ಕಮ್ಮಂದು. ದಿನಾ ಬೆಳಗಿನ ಜಾವ ಓಡ್ಸೋರು. ನಮ್ಮ ಮನೆಯವರಿಗೇ ಇದನ್ನ ಹಾಕಿದ್ದೀನಿ ಅಂದ್ಮೇಲೆ ನೀವು ಯೋಚನೆ ಮಾಡೋದೇನಿದೆ?” ಅವರು ಚಿಕ್ಕಮ್ಮನ ಮುಖ ನೋಡಿದರು. ಅವಳು ತಲೆಯಾಡಿಸಿದಳು. ಬಲ್ಬು ಮಾರಾಟವಾಯಿತು. “ಏನ್ ಚಿಕ್ಕಮ್ಮ, ಏನಾದ್ರೂ ಬೇಕಿತ್ತಾ?” ಎಂದರೆ, “ಏನಿಲ್ಲ ಕಣೋ, ಸುಮ್ನೆ ಬಂದೆ” ಎಂದು ಒಂದು ಲೋಟ ನೀರು ಕುಡಿದು ಹೊರಟುಹೋದಳು.

ಅದಾಗಿ ಹತ್ತು ದಿನಕ್ಕೆ ಅವಳು ಗಾಡಿಯ ಬೀಗದ ಕೈಯನ್ನು ಫ್ರಿಜ್ಜಿನ ಮೇಲಿಟ್ಟು, ಇನ್ನು ಮುಟ್ಟುವುದಿಲ್ಲ ಎಂದಳು. ನಡೆದದ್ದು ಇಷ್ಟು. ಬೆಳಗಿನ ಜಾವ ಪೇಪರ್ ಹಾಕುವವನೊಬ್ಬ, ಐವತ್ತು ದಾಟಿದವನು, ಎದುರಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ. ಚಿಕ್ಕಮ್ಮನ ಗಾಡಿಯ ಬೆಳಕಿಗೆ ಕಣ್ಣು ಕತ್ತಲಿಟ್ಟು, ಸೈಕಲ್ಲು ಸಮೇತ ಚರಂಡಿಗೆ ಬಿದ್ದ. ಅವಳು ಇಳಿದು ಓಡಿದಳು. ಮೊಣಕಾಲು ಹರಿದಿತ್ತು, ಪೇಪರೆಲ್ಲ ಕೊಚ್ಚೆಯಲ್ಲಿ. ಅವನು ಅವಳ ಮುಖಕ್ಕೇ ಬೈದ. “ಕಣ್ ಕಾಣಲ್ವೇನಮ್ಮ? ಇಷ್ಟು ವಯಸ್ಸಾಗಿದೆ, ಲೈಟ್ ಇಳಿಸ್ಬೇಕು ಅಂತ ಗೊತ್ತಾಗಲ್ವಾ?” ದನಕ್ಕೂ ಲೈಟು ಇಳಿಸಿದ ಹೆಂಗಸಿಗೆ ಆ ಮಾತು. ಅವನನ್ನೂ ಗಾಡಿಗೆ ಹತ್ತಿಸಿಕೊಂಡು, ಅದೇ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿ, ಕ್ಷಮೆ ಕೇಳಿ ಮನೆಗೆ ಬಂದಳು.

“ನನ್ನ ಕಣ್ಣು ಹೋಯ್ತು. ಇನ್ನು ಓಡ್ಸಿದ್ರೆ ಯಾರನ್ನಾದ್ರೂ ಕೊಂದೇಬಿಡ್ತೀನಿ” ಅಂದಳು.

ಚಿಕ್ಕಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಇಪ್ಪತ್ತೇಳು ವರ್ಷ ಹೆಂಡತಿ ಓಡಿಸುವ ಗಾಡಿಯ ಪಕ್ಕದ ಸೀಟಿನಲ್ಲಿ ಕೂತು ಬಂದವರು ಅಂದು ಎದೆಯುಬ್ಬಿಸಿ, “ನಾನು ಯಾವತ್ತೋ ಹೇಳಿದ್ದೆ” ಅಂದರು. ಯಾವತ್ತೂ ಹೇಳಿರಲಿಲ್ಲ. ಎರಡೇ ದಿನದಲ್ಲಿ ಗಾಡಿ ಕೊಳ್ಳುವವನನ್ನೂ ಗೊತ್ತುಮಾಡಿದರು. ಮುಂದಿನ ಭಾನುವಾರವಲ್ಲ, ಅದರಾಚೆಯ ಭಾನುವಾರ ಬರುತ್ತಾನೆ ಎಂದರು. ಆದರೆ ಚಿಕ್ಕಪ್ಪನ ಮೇಲೆ ಗೂಬೆ ಕೂರಿಸಿ ನಾನು ತಪ್ಪಿಸಿಕೊಳ್ಳುವಂತಿಲ್ಲ. ನಾನೂ ಹೋಗಿದ್ದೆ. ಸೋಫಾದ ತುದಿಯಲ್ಲಿ ಕೂತು, ಅವಳ ಕೈ ಹಿಡಿದು, “ವಯಸ್ಸಾಯ್ತಲ್ಲ ಚಿಕ್ಕಮ್ಮ, ಎಲ್ಲರಿಗೂ ಆಗೋದೇ. ಬೇಜಾರು ಮಾಡ್ಕೋಬೇಡ” ಅಂದಿದ್ದೆ. ಬಾಯಲ್ಲಿ ಬೆಣ್ಣೆ ಕರಗಿಸಿದಂತೆ ಅಂದಿದ್ದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ, “ಹೌದು ಕಣೋ” ಅಂದಳು. ಆ ಸೋಫಾವನ್ನು ಕಂಡರೂ ಈಗ ನನಗೆ ವಾಕರಿಕೆ.

ಹತ್ತು ಹನ್ನೆರಡು ದಿನ ಅವಳು ಮನೆಯಲ್ಲಿದ್ದಳು. ನಾಲ್ಕಕ್ಕೇ ಎದ್ದು, ಮಾಡುವುದಕ್ಕೆ ಕೆಲಸವಿಲ್ಲದೆ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳಂತೆ. ಮೇಷ್ಟ್ರು ಮತ್ತು ಹೊಲಿಗೆಯಮ್ಮ ಬಾಡಿಗೆ ಗಾಡಿ ಹಿಡಿದರು. ಗಾಡಿ ಮಾರಾಟವಾಗುವುದಕ್ಕೆ ಎರಡು ದಿನ ಮುಂಚೆ, ಶುಕ್ರವಾರ, ಬೆಳಗ್ಗೆ ನಾಲ್ಕೂ ಮುಕ್ಕಾಲಿಗೆ ನನ್ನ ಫೋನು ಹೊಡೆದುಕೊಂಡಿತು.

“ಪುಟ್ಟ, ಬಾಡಿಗೆ ಗಾಡಿಯವನು ಬರಲ್ಲ ಅಂದನಂತೆ. ಒಂದು ಪಾಳಿ ತಪ್ಪಿದ್ರೆ ಹೊಲಿಗೆಯಮ್ಮಂಗೆ ಉಸಿರಾಡೋಕೇ ಆಗಲ್ಲ. ಇವತ್ತೊಂದಿನ ನೀನು ಕರ್ಕೊಂಡು ಹೋಗು. ನನ್ನ ಗಾಡಿನೇ ತಗೊಂಡು ಹೋಗು, ಅದರಲ್ಲಿ ಟವೆಲು ಗಿವೆಲು ಎಲ್ಲಾ ಇದೆ.”

ಹೋದೆ. ನಾಲ್ಕು ಮಡಿಕೆಯ ಕಂಬಳಿ ತೆಗೆದು ಹಿಂದಕ್ಕಿಟ್ಟು ಸ್ಟಿಯರಿಂಗ್ ಹಿಡಿದೆ. ಲೈಟು ಹಾಕಿದೆ. ಬೀದಿಯ ಮರಗಳು ಬುಡದಿಂದ ತುದಿಯವರೆಗೆ ಬೆಳಗಿದವು. ಎಲೆ ಎಲೆಯೂ ಕಂಡಿತು, ಮೂರನೆಯ ಮಹಡಿಯಲ್ಲಿ ಒಣಹಾಕಿದ ಲುಂಗಿಯ ಗೆರೆಗಳೂ ಕಂಡವು. ರಸ್ತೆ ಮಾತ್ರ ಕಾಣಲಿಲ್ಲ. ಗಾಡಿಯ ಮೂಗಿನ ಮುಂದೆ ಎರಡು ಮಾರು ಬಿಳಿ ಹಾಸು, ಅದರಾಚೆ ಕತ್ತಲು. ರಬ್ಬರು ಕೊಯ್ದ ಕಡೆಯಿಂದ ತೇವ ಹೊಕ್ಕು ಡೂಮಿನೊಳಗೆ ಹನಿ ಕಟ್ಟಿತ್ತು, ಬೆಳಕು ಅದರಲ್ಲೂ ಒಡೆದು ಚೆದುರುತ್ತಿತ್ತು. ಮೊದಲ ಗುಂಡಿಗೆ ಚಕ್ರ ಇಳಿದ ಮೇಲೇ ಅದು ಗುಂಡಿಯೆಂದು ತಿಳಿದದ್ದು. ಮೇಷ್ಟ್ರು, ಹೊಲಿಗೆಯಮ್ಮ ಇಬ್ಬರನ್ನೂ ಹತ್ತಿಸಿಕೊಂಡು ಹೊರಟಾಗ ಎದುರಿಗೆ ಬಂದ ಲಾರಿಯವನು ತನ್ನ ದೊಡ್ಡ ಲೈಟನ್ನು ಮೂರು ಸಲ ಮಿಣುಕಿಸಿದ. ನಾನು ಸ್ಟಿಯರಿಂಗಿನ ಪಕ್ಕದ, ಲೈಟು ಇಳಿಸುವ ಸನ್ನೆಕೋಲು ಮುಟ್ಟಿ ನೋಡಿದೆ. ಇಳಿಸಿಯೇ ಇತ್ತು. ಪಕ್ಕಕ್ಕೆ ಬಂದಾಗ ಅವನು ತಲೆ ಹೊರಹಾಕಿ ನನ್ನ ತಾಯಿಯನ್ನು ಎಳೆದುತಂದು ಬೈದ. ಇಷ್ಟೂ ದಿನ ಈ ಬೈಗುಳ ತಿಂದವಳು ಚಿಕ್ಕಮ್ಮ. ಪ್ರತಿ ಸಲವೂ ನನ್ನಂತೆಯೇ ಸನ್ನೆಕೋಲು ಮುಟ್ಟಿ ನೋಡಿಕೊಂಡಿರಬೇಕು.

ಹಿಂದಿನ ಸೀಟಿನಿಂದ ಮೇಷ್ಟ್ರು ಅಂದರು, “ಇನ್ನೂ ಅದೇ ಬಲ್ಬು ಇಟ್ಕೊಂಡಿದ್ದೀಯೇನಪ್ಪ?”

“ನಿಮಗೆ ಗೊತ್ತಿತ್ತಾ ಮೇಷ್ಟ್ರೇ?”

“ನಮಗೇನು, ನಿಮ್ಮ ಚಿಕ್ಕಮ್ಮನಿಗೇ ಗೊತ್ತಿತ್ತು. ತೆಗೆಸಿಬಿಡಿ ಅಂದೆ. ‘ಸುಮ್ನಿರಿ ಮೇಷ್ಟ್ರೇ, ಬಲ್ಬು ಚೆನ್ನಾಗೇ ಇದೆ, ನಮ್ಮ ಹುಡುಗ ಹಾಕ್ಕೊಟ್ಟಿದ್ದು. ನನ್ನ ಕಣ್ಣೇ ಸರಿಯಿಲ್ಲ’ ಅಂದ್ರು.”

ಹೊಲಿಗೆಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, “ಆ ಖಾನೆ ತೆಗೆದು ನೋಡಪ್ಪ” ಎಂದು ಡ್ಯಾಶ್‌ಬೋರ್ಡಿನ ಕಡೆ ಕೈ ತೋರಿಸಿದಳು.

ಆಸ್ಪತ್ರೆಯ ಮುಂದೆ ಇಬ್ಬರನ್ನೂ ಇಳಿಸಿ ಒಳಗೆ ಬಿಟ್ಟು ಬಂದು ತೆಗೆದೆ. ಗಾಡಿಯ ಕಾಗದಪತ್ರದ ಮೇಲೆ ಕಣ್ಣಿನ ಡಾಕ್ಟರ ಚೀಟಿಯಿತ್ತು. ದೃಷ್ಟಿ ಸರಿಯಿದೆ, ಪೊರೆಯಿಲ್ಲ, ಕನ್ನಡಕದ ನಂಬರು ಬದಲಿಸಬೇಕಾಗಿಲ್ಲ, ವಾಹನ ಚಾಲನೆಗೆ ಅಡ್ಡಿಯಿಲ್ಲ ಎಂದು ಬರೆದು ಸಹಿ ಹಾಕಿದ್ದರು. ತಾರೀಕು ನೋಡಿದೆ. ಔಷಧಿ ಅಂಗಡಿಯವರ ಮುಂದೆ ನಾನು ಭಾಷಣ ಬಿಗಿದೆನಲ್ಲ, ಅದರ ಹಿಂದಿನ ದಿನದ್ದು. ಆ ಚೀಟಿಯನ್ನು ಹಿಡಿದುಕೊಂಡು ನಾನು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ, ಅವಳು ಸ್ವೆಟರು ಹೆಣೆಯುತ್ತಿದ್ದ ಬೆಂಚಿನ ಮೇಲೆ, ನಾಲ್ಕು ತಾಸು ಕೂತೆ. ನನ್ನ ಮೇಲೆ ನನಗೇ ಇಷ್ಟು ಅಸಹ್ಯ ಎಂದೂ ಆಗಿರಲಿಲ್ಲ.

ಇಬ್ಬರನ್ನೂ ಮನೆಗೆ ಬಿಟ್ಟು, ಗಾಡಿಯನ್ನು ನೇರವಾಗಿ ಗೋಡೆ ಮೇಸ್ತ್ರಿಯ ಗ್ಯಾರೇಜಿಗೆ ಒಯ್ದೆ. ಅವರು ಬಾನೆಟ್ಟು ಎತ್ತಿ, ಹೆಡ್‌ಲೈಟಿನ ಹಿಂದೆ ಕೈಹಾಕಿ, ಕೊಯ್ದ ರಬ್ಬರನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆಳೆದರು.

“ಯಾವ ಕತ್ತೆ ಕೊಯ್ದಿದ್ದು ಇದನ್ನ?”

“ನಾನೇ ಮೇಸ್ತ್ರಿಗಳೇ.”

“ಗೊತ್ತು. ಸುಮ್ನೆ ಕೇಳಿದೆ.”

ಮಧ್ಯಾಹ್ನದ ಹೊತ್ತಿಗೆ ಅವರು ಷಟರು ಎಳೆದರು. ಗ್ಯಾರೇಜು ಕತ್ತಲಾಯಿತು. ಎದುರಿಗೆ ಸುಣ್ಣ ಬಳಿದ ಗೋಡೆ, ಅದರ ಮೇಲೆ ಕಪ್ಪು ಗೆರೆಗಳು. ಗೋಡೆಯಿಂದ ಇಪ್ಪತ್ತೈದು ಅಡಿ ದೂರಕ್ಕೆ ನೆಲದ ಮೇಲೊಂದು ಹಳದಿ ಪಟ್ಟಿ. ಅಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರದ ಗಾಳಿ ಸರಿಮಾಡಿ, “ನಿಮ್ಮ ಚಿಕ್ಕಮ್ಮ ಎಷ್ಟು ತೂಕ ಇದ್ದಾರೆ?” ಎಂದು ಕೇಳಿದರು. ಐವತ್ತರ ಹತ್ತಿರ ಎಂದೆ. ಐವತ್ತು ಕಿಲೋ ಮರಳಿನ ಚೀಲವನ್ನು ಡ್ರೈವರ್ ಸೀಟಿನ ಮೇಲೆ ಕೂರಿಸಿದರು. ಕೂರುವವರ ತೂಕಕ್ಕೆ ಗಾಡಿ ಬಾಗುತ್ತದೆ, ಬಾಗಿದರೆ ಬೆಳಕಿನ ಎತ್ತರ ಬದಲಾಗುತ್ತದೆ. ಹದಿನೆಂಟು ವರ್ಷ ಈ ಲೆಕ್ಕಾಚಾರವನ್ನು ನೋಡಿ ನಾವು ಹಲ್ಲುಕಿರಿದಿದ್ದೆವು. ಆಮೇಲೆ ಗೋಡೆಯ ಬುಡಕ್ಕೆ ಒಂದು ಸ್ಟೂಲು ಹಾಕಿ, ಗಾಡಿಗೆ ಮುಖಮಾಡಿ ಕೂತುಕೋ ಎಂದರು. ಎದುರಿನ ಡ್ರೈವರ ಕಣ್ಣು ಇರುವ ಎತ್ತರದ ಸ್ಟೂಲು ಅದು. ಕೂತೆ. ಅವರು ನಾನು ಹಾಕಿದ ಬಲ್ಬುಗಳನ್ನು ಹೊತ್ತಿಸಿದರು, ಇಳಿಸಿದ ಬೆಳಕನ್ನೇ.

ಮುಖಕ್ಕೆ ಹೊಡೆದ ಹಾಗಾಯಿತು. ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಎರಡು ಹಸಿರು ಮಚ್ಚೆ. ಕಣ್ಣಲ್ಲಿ ನೀರು ಸುರಿಯಿತು. ತೆಗೆಯಿರಿ ಎಂದು ಕೂಗಿದೆ. ಮೇಸ್ತ್ರಿ ಅವಸರ ಮಾಡಲಿಲ್ಲ. ಎಷ್ಟು ಜೊತೆ ಮಾರಿದ್ದೀಯ ಎಂದು ಕೇಳಿದರು. ನನಗೆ ಲೆಕ್ಕ ಸಿಗಲಿಲ್ಲ.

ಸಂಜೆಯೊಳಗೆ ಬಂಪರು ಬಿಚ್ಚಿ, ಹೊಸ ಡೂಮ್ ಎರಡು ಕೂರಿಸಿ, ಚಿಕ್ಕಮ್ಮ ಮೊದಲೇ ಕೇಳಿದಂಥ ಬಲ್ಬುಗಳನ್ನು ಹಾಕಿದೆವು. ಗಾಜಿಗೆ ಬೆರಳು ತಾಗಬಾರದೆಂದು ಅವರು ನನ್ನ ಕೈಗೆ ಬಟ್ಟೆ ಕೊಟ್ಟರು. ಸ್ಕ್ರೂ ತಿರುಗಿಸಿ ತಿರುಗಿಸಿ, ಗೋಡೆಯ ಮೇಲೆ ಬೆಳಕಿನ ಅಂಚು ಕಪ್ಪು ಗೆರೆಗಿಂತ ಎರಡಂಗುಲ ಕೆಳಗೆ ಚಾಕುವಿನಲ್ಲಿ ಕೊಯ್ದಂತೆ ನಿಲ್ಲುವವರೆಗೆ ಬಿಡಲಿಲ್ಲ. ಸ್ಟೂಲಿನ ಮೇಲೆ ಮತ್ತೆ ಕೂತೆ. ಈ ಸಲ ಎದುರಿಗೆ ಗಾಡಿಯಿದೆ ಎಂದು ಕಂಡಿತು, ಅಷ್ಟೇ.

ಚಿಕ್ಕಮ್ಮನ ಮನೆಗೆ ಹೋಗಿ ಚೀಟಿಯನ್ನು ಅವಳ ಮುಂದೆ ಹಿಡಿದೆ. ಅವಳು ಹೆಣೆಯುತ್ತಿದ್ದ ಸ್ವೆಟರಿನಿಂದ ತಲೆಯೆತ್ತಲಿಲ್ಲ.

“ಯಾಕೆ ಹೇಳಲಿಲ್ಲ ಚಿಕ್ಕಮ್ಮ? ಒಂದೇ ಒಂದು ಮಾತು ಹೇಳಿದ್ರೆ ಅರ್ಧ ದಿನದಲ್ಲಿ ಬದಲಾಯಿಸ್ತಿದ್ದೆ! ಹೆಸರಿಡಬಾರದು ಅಂತ ಕೈಯಲ್ಲಿದ್ದ ಕೆಲಸಾನೇ ಬಿಡ್ತಾರಾ?”

“ಹೇಳೋಣ ಅಂತಾನೇ ಬಂದಿದ್ದೆ ಕಣೋ. ಚೀಟಿ ಬ್ಯಾಗಲ್ಲೇ ಇತ್ತು. ನೀನು ಆ ಔಷಧಿ ಅಂಗಡಿಯವರಿಗೆ ನನ್ನ ಗಾಡಿ ತೋರಿಸಿ ಹೇಳ್ತಾ ಇದ್ದೆ. ನಿನ್ನ ಮುಖ ನೋಡ್ಬೇಕಿತ್ತು, ಎಷ್ಟು ಖುಷಿಯಾಗಿದ್ದೆ. ಗಿರಾಕಿ ಮುಂದೆ ಹೇಗೆ ಹೇಳ್ಲಿ?”

“ಆಮೇಲೆ ಹೇಳ್ಬಹುದಿತ್ತು.”

“ಆಮೇಲೆ ಆ ಪೇಪರಿನವನು ಬಿದ್ದ. ಬಲ್ಬಿಂದ ಬಿದ್ದ ಅಂದ್ರೆ ನಿನ್ನಿಂದ ಬಿದ್ದ ಅಂತ ಆಗುತ್ತೆ. ನನ್ನ ಕಣ್ಣಿಂದ ಅಂದ್ರೆ ಅಲ್ಲಿಗೇ ಮುಗೀತು.”

ಚಿಕ್ಕಪ್ಪ ಗಾಡಿ ಕೊಳ್ಳುವವನಿಗೆ ಮಾತು ಕೊಟ್ಟಾಗಿದೆ ಎಂದು ಗೊಣಗಿದರು. ಅವರ ಮೇಲೆ ಜೀವಮಾನದಲ್ಲಿ ಮೊದಲ ಸಲ ಕೂಗಾಡಿದೆ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಕಿ, ಬೀಗದ ಕೈಯನ್ನು ಫ್ರಿಜ್ಜಿನ ಮೇಲಿಡದೆ ಅವಳ ಮಡಿಲಿಗಿಟ್ಟೆ.

ಸೋಮವಾರ ಬೆಳಗಿನ ಜಾವ ಅವಳ ಪಕ್ಕದಲ್ಲಿ ಕೂತೆ. ಮೇಷ್ಟ್ರು, ಹೊಲಿಗೆಯಮ್ಮ ಹಿಂದೆ. ಬೆಳಕು ನೆಲದ ಮೇಲೆ ಬಿದ್ದಿತ್ತು, ಮರಗಳು ಕತ್ತಲಲ್ಲಿ ನೆಮ್ಮದಿಯಾಗಿದ್ದವು. ಗುಂಡಿಗಳನ್ನು ಒಂದೊಂದಾಗಿ ಬಳಸಿಕೊಂಡು ಅವಳು ಹೋಗುತ್ತಿದ್ದಳು. ಪೇಪರಿನವನು ಸೈಕಲ್ಲಿನಲ್ಲಿ ಬಂದ. ಅವಳು ಇಳಿಸಿದಳು. ಅವನು ಗಾಡಿಯ ಗುರುತು ಹಿಡಿದು ಸ್ವಲ್ಪ ಅಂಚಿಗೆ ಸರಿದ, ಆಮೇಲೆ ನಿಶ್ಚಿಂತೆಯಿಂದ ಬೆಲ್ಲು ಹೊಡೆದು ಹೋದ. ಯಾರೂ ಮಿಣುಕಿಸಲಿಲ್ಲ, ಯಾರೂ ಬೈಯಲಿಲ್ಲ. ಅವಳು ಒಂದು ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡಳು.

ಆಸ್ಪತ್ರೆಯ ತಿರುವಿನ ಹತ್ತಿರ ಎದುರಿನಿಂದ ಒಂದು ಗಾಡಿ ಬಂತು. ಹಿಮದಂಥ ಬಿಳಿ ಬೆಳಕು. ಇಡೀ ಗಾಜು ಬೆಳ್ಳಗಾಗಿ ರಸ್ತೆಯೇ ಅಳಿಸಿಹೋಯಿತು. ಚಿಕ್ಕಮ್ಮ ಒಂದು ಕೈ ಕಣ್ಣಿಗೆ ಅಡ್ಡ ಹಿಡಿದು, ನಿಧಾನಿಸಿ, ಗಾಡಿಯನ್ನು ಪೂರ್ತಿ ಅಂಚಿಗೆ ತಂದು ನಿಲ್ಲಿಸಿದಳು. ಹಿಂದೆ ಹೊಲಿಗೆಯಮ್ಮ ಸೀಟು ಗಟ್ಟಿಯಾಗಿ ಹಿಡಿದುಕೊಂಡದ್ದು ಕೇಳಿಸಿತು.

“ಥೂ, ದರಿದ್ರ ನನ್ಮಗ!” ಎಂದು ನಾನು ಬಾಯಿ ತೆಗೆದೆ.

“ಬೈಬೇಡ ಕಣೋ” ಅಂದಳು ಚಿಕ್ಕಮ್ಮ. “ಪಾಪ, ಯಾರ ಮನೆ ಹುಡುಗ ಪ್ರೀತಿಯಿಂದ ಹಾಕ್ಕೊಟ್ಟಿದ್ದಾನೋ ಏನೋ.”

ಅದು ಪಕ್ಕಕ್ಕೆ ಬಂದಾಗ ನೋಡಿದೆ. ಔಷಧಿ ಅಂಗಡಿಯವರ ಬಿಳಿ ಕಾರು. ಯಾರ ಮನೆಯ ಹುಡುಗನೆಂದು ನನಗೆ ಗೊತ್ತಿತ್ತು. ಚಿಕ್ಕಮ್ಮ ಮತ್ತೆ ಗೇರು ಹಾಕಿದಳು.